ದೊಡ್ಡ ಮಾರ್ಟ್‌ಗಳು ಮತ್ತು ಬಳ್ಳಾರಿಯ ಸಣ್ಣ ಅಂಗಡಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ಸಣ್ಣ ಅಂಗಡಿಗಳ ಲೆಕ್ಕಪತ್ರ, ಜಿಎಸ್‌ಟಿ ರಿಟರ್ನ್ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಗಲ್ಲಾಪೆಟ್ಟಿಗೆಯ ಆ ಕಡೆ ಕೂತವರ ಪ್ರಶ್ನೆಯೂ ನನಗೆ ಬರುತ್ತದೆ, ಈ ಕಡೆ ಚೀಲ ಹಿಡಿದು ನಿಂತವರ ಪ್ರಶ್ನೆಯೂ ಬರುತ್ತದೆ. ಜಾಸ್ತಿ ಕೇಳುವವನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಇಲ್ಲಿ ಮಾರ್ಟ್ ಅಂದರೆ ಕಿರಾಣಿ, ಬಟ್ಟೆ, ಪಾತ್ರೆ, ಪ್ಲಾಸ್ಟಿಕ್ ಸಾಮಾನು ಎಲ್ಲವನ್ನೂ ಒಂದೇ ಕಡೆ ಮಾರುವ ದೊಡ್ಡ ಕಂಪನಿ ಮಳಿಗೆ.

ಮಾರ್ಟ್ ಬಂದರೆ ಕಿರಾಣಿ ಅಂಗಡಿಗಳೆಲ್ಲ ಮುಚ್ಚಿ ಹೋಗುತ್ತವಾ?

ಎಲ್ಲ ಮುಚ್ಚುವುದಿಲ್ಲ. ಕೇಂದ್ರ ಸರ್ಕಾರದ ಕೋರಿಕೆ ಮೇಲೆ ದೆಹಲಿಯ ಇಕ್ರಿಯರ್ ಸಂಸ್ಥೆ ಇದನ್ನೇ ಅಧ್ಯಯನ ಮಾಡಿ 2008ರಲ್ಲಿ ವರದಿ ಕೊಟ್ಟಿತು. ಮಾರ್ಟ್ ಅಕ್ಕಪಕ್ಕದ ಅಂಗಡಿಗಳಿಗೆ ಮೊದಲ ವರ್ಷಗಳಲ್ಲಿ ವ್ಯಾಪಾರವೂ ಬಿತ್ತು, ಲಾಭವೂ ಬಿತ್ತು. ಆಮೇಲೆ ಪೆಟ್ಟು ನಿಧಾನಕ್ಕೆ ಕಮ್ಮಿಯಾಯಿತು. ಮಾರ್ಟ್‌ಗಳ ಪೈಪೋಟಿಯಿಂದಲೇ ಬಾಗಿಲು ಹಾಕಿದ್ದು ವರ್ಷಕ್ಕೆ ನೂರರಲ್ಲಿ 1.7 ಅಂಗಡಿ ಎಂದು ಆ ವರದಿಯ ಲೆಕ್ಕ. ಆದರೆ ಅದು ಫೋನಿನಲ್ಲಿ ಬೇಳೆ ತರಿಸುವ ಕಾಲ ಅಲ್ಲ. ಈಚೆಗೆ, 2024ರಲ್ಲಿ, ವಿತರಕರ ಅಖಿಲ ಭಾರತ ಒಕ್ಕೂಟ ಒಂದೇ ವರ್ಷದಲ್ಲಿ ದೇಶದಲ್ಲಿ 2 ಲಕ್ಷ ಕಿರಾಣಿ ಅಂಗಡಿಗಳು ಮುಚ್ಚಿದವು ಎಂದು ಹೇಳಿತು. ಅದು ವ್ಯಾಪಾರಿಗಳದೇ ಸಂಘಟನೆ. ಆ ಲೆಕ್ಕವನ್ನು ಹಾಗೇ ನಂಬಬೇಕಿಲ್ಲ, ತಳ್ಳಿಹಾಕಲೂ ಬೇಕಿಲ್ಲ.

ನನ್ನ ಪ್ರಕಾರ ಮುಚ್ಚಿದ ಬಾಗಿಲು ಎಣಿಸಿದರೆ ವಿಷಯ ಗೊತ್ತಾಗುವುದಿಲ್ಲ. ಕಿರಾಣಿ ಅಂಗಡಿ ಅಷ್ಟು ಸುಲಭಕ್ಕೆ ಮುಚ್ಚುವುದಿಲ್ಲ. ಎಷ್ಟೋ ಕಡೆ ಜಾಗ ಸ್ವಂತದ್ದು, ಕೂರುವವರು ಮನೆಯವರೇ. ಆದಾಯ ಅರ್ಧಕ್ಕೆ ಇಳಿದರೂ ಬೆಳಿಗ್ಗೆ ಶಟರ್ ಮೇಲೇಳುತ್ತದೆ. ಮಗ ತೋರಣಗಲ್ಲಿನ ಕಾರ್ಖಾನೆಗೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ, ಅಪ್ಪ ಅಂಗಡಿಯಲ್ಲಿ ಕೂರುತ್ತಾರೆ. ಅಂಥ ಅಂಗಡಿ ಯಾವ ಸಮೀಕ್ಷೆಯಲ್ಲೂ ಮುಚ್ಚಿದ ಪಟ್ಟಿಗೆ ಸೇರುವುದಿಲ್ಲ.

ಹಾಗಾದರೆ ನಿಜವಾದ ಪೆಟ್ಟು ಎಲ್ಲಿ ಬೀಳುತ್ತದೆ?

ತಿಂಗಳ ಚೀಟಿಯಲ್ಲಿ. ಸಂಬಳ ಬಂದ ವಾರ ಮನೆಯವರು ಬರೆದು ಕೊಡುತ್ತಿದ್ದ ಉದ್ದನೆಯ ಚೀಟಿ ಇತ್ತಲ್ಲ: ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಟೀ ಪುಡಿ, ಸೋಪು. ಒಂದೇ ಸಲಕ್ಕೆ ಮೂರು, ನಾಲ್ಕು ಸಾವಿರದ ವ್ಯಾಪಾರ. ಅದೂ ನಗದು. ಮಾರ್ಟ್ ಮೊದಲು ಎತ್ತಿಕೊಂಡು ಹೋಗುವುದು ಇದನ್ನೇ.

ಅಂಗಡಿಗೆ ಉಳಿಯುವುದು ತಿಂಗಳ ಕೊನೆಯ ವ್ಯಾಪಾರ. ಅರ್ಧ ಕೆಜಿ ರವೆ, ಒಂದು ರೂಪಾಯಿ ಶಾಂಪೂ, ನಾಲ್ಕು ಮೊಟ್ಟೆ. ಜೊತೆಗೆ ‘ಬರ್ಕೊಳ್ರಿ ಅಣ್ಣಾ, ಒಂದನೇ ತಾರೀಖು ಕೊಡ್ತೀನಿ’. ರೊಕ್ಕ ಮಾರ್ಟ್‌ಗೆ, ಉದ್ರಿ ಅಂಗಡಿಗೆ. ನಾನು ನೋಡುವ ಖಾತೆಗಳಲ್ಲಿ ಎದ್ದು ಕಾಣುವ ಬದಲಾವಣೆ ಇದು.

ಒಂದು ಉದಾಹರಣೆ ಲೆಕ್ಕ ಹಾಕೋಣ. ತಿಂಗಳಿಗೆ 3 ಲಕ್ಷ ವ್ಯಾಪಾರದ ಅಂಗಡಿ. ನೂರಕ್ಕೆ 10 ಮಾರ್ಜಿನ್ ಎಂದರೆ 30,000 ರೂಪಾಯಿ. ಬಾಡಿಗೆ 8,000, ಕರೆಂಟು 2,000, ಹುಡುಗನ ಸಂಬಳ 9,000. ಮಾಲೀಕರ ಕೈಗೆ 11,000. ಈಗ ವ್ಯಾಪಾರ ನೂರಕ್ಕೆ 20ರಷ್ಟು ಮಾತ್ರ ಇಳಿಯಿತು ಅಂದುಕೊಳ್ಳಿ. ಮಾರ್ಜಿನ್ 24,000 ಆಗುತ್ತದೆ. ಖರ್ಚು ಅಷ್ಟೇ ಇರುತ್ತದೆ. ಕೈಗೆ ಸಿಗುವುದು 5,000. ಐದರಲ್ಲಿ ಒಂದು ಪಾಲು ವ್ಯಾಪಾರ ಹೋದರೆ ಅರ್ಧಕ್ಕಿಂತ ಜಾಸ್ತಿ ದುಡಿಮೆ ಹೋಯಿತು. ‘ಅಂಗಡೀಲಿ ಜನ ಇದಾರಲ್ಲ, ಇವರಿಗೇನು ಕಷ್ಟ’ ಅನ್ನುವವರಿಗೆ ಈ ಲೆಕ್ಕ ಕಾಣುವುದಿಲ್ಲ.

ಇದರ ಮೇಲೆ ಉದ್ರಿಯ ಬಡ್ಡಿ. 60,000 ರೂಪಾಯಿ ಉದ್ರಿ ಹೊರಗಿದೆ, ಅದಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲ ತಂದಿದ್ದಾರೆ ಎಂದರೆ ತಿಂಗಳಿಗೆ 1,200 ರೂಪಾಯಿ ಸುಮ್ನೆ ಹೋಯಿತು.

ಮಾರ್ಟ್‌ನವರು ಅಷ್ಟು ಕಮ್ಮಿಗೆ ಹೇಗೆ ಕೊಡುತ್ತಾರೆ? ಮಾಲು ಕಳಪೆಯಾ?

ಪ್ಯಾಕೆಟ್ ಮಾಲು ಕಳಪೆ ಅಲ್ಲ. ಅದೇ ಕಂಪನಿ, ಅದೇ ಸೋಪು. ಕೊಳ್ಳುವ ರೀತಿ ಬೇರೆ.

ಡಿಮಾರ್ಟ್ ಉದಾಹರಣೆ ತಗೊಳ್ಳಿ. ಅದು ಷೇರುಪೇಟೆಯಲ್ಲಿರುವ ಕಂಪನಿ, ಅದರ ಲೆಕ್ಕ ಯಾರು ಬೇಕಾದರೂ ಓದಬಹುದು. ರಾಧಾಕಿಶನ್ ದಮಾನಿ 2002ರಲ್ಲಿ ಮುಂಬೈನ ಪೊವೈಯಲ್ಲಿ ಮೊದಲ ಮಳಿಗೆ ತೆರೆದರು. 2025ರ ಮಾರ್ಚ್ ಕೊನೆಗೆ 415 ಮಳಿಗೆ ಇದ್ದವು. ಬಹುಪಾಲು ಕಡೆ ಜಾಗ ಕಂಪನಿಯದೇ, ಹಾಗಾಗಿ ಬಾಡಿಗೆ ಹೊರೆ ಕಮ್ಮಿ. ಮಾಲು ಕೊಟ್ಟವರಿಗೆ ಬೇಗ ಹಣ ಕೊಡುತ್ತಾರೆ, ಅದಕ್ಕೆ ಪ್ರತಿಯಾಗಿ ದರ ಇಳಿಸಿಕೊಳ್ಳುತ್ತಾರೆ. ಬೇಗ ಖಾಲಿಯಾಗುವ ಮಾಲನ್ನೇ ಇಡುತ್ತಾರೆ.

ಇಷ್ಟು ಕಮ್ಮಿಗೆ ಮಾರಿಯೂ ಆ ಕಂಪನಿಗೆ 100 ರೂಪಾಯಿ ಮಾರಾಟದಲ್ಲಿ, ಖರೀದಿ ಬೆಲೆ ಕಳೆದು, ಸುಮಾರು 15 ರೂಪಾಯಿ ಉಳಿಯುತ್ತದೆ. ಎಂಆರ್‌ಪಿಗೆ ಮಾರುವ ನಮ್ಮ ಕಿರಾಣಿಯವರಿಗೆ ಪ್ಯಾಕೆಟ್ ಮಾಲಿನಲ್ಲಿ ಸಾಮಾನ್ಯವಾಗಿ ಸಿಗುವುದು 8ರಿಂದ 12. ಕಮ್ಮಿಗೆ ಮಾರುವವರಿಗೇ ಮಾರ್ಜಿನ್ ಜಾಸ್ತಿ!

ಇನ್ನೊಂದು ಗುಟ್ಟು ಬಟ್ಟೆ, ಪಾತ್ರೆ, ಪ್ಲಾಸ್ಟಿಕ್ ವಿಭಾಗದಲ್ಲಿದೆ. ಮಾರಾಟದ ಅರ್ಧಕ್ಕಿಂತ ಜಾಸ್ತಿ ಆಹಾರ ಸಾಮಾನಿನದು, ಕಾಲುಭಾಗದ ಹತ್ತಿರ ಈ ವಿಭಾಗದ್ದು. ಲಾಭ ಜಾಸ್ತಿ ಇರುವುದು ಇದರಲ್ಲೇ. ಎಣ್ಣೆ, ಸಕ್ಕರೆ ಅಗ್ಗಕ್ಕೆ ಸಿಗುತ್ತದೆಂದು ಹೋಗುತ್ತೀರಿ. ಬರುವಾಗ ಬಕೆಟ್ಟು, ಬೆಡ್‌ಶೀಟು, ಮಗುವಿಗೆ ಟೀಶರ್ಟು ತರುತ್ತೀರಿ, ಅಲ್ವಾ? ಎಣ್ಣೆಯಲ್ಲಿ ಬಿಟ್ಟದ್ದನ್ನು ಅವರು ಅಲ್ಲಿ ವಸೂಲು ಮಾಡುತ್ತಾರೆ.

ಒಂದೇ ಕಂಪನಿ ನಮಗೊಂದು ರೇಟು, ಮಾರ್ಟ್‌ಗೊಂದು ರೇಟು ಕೊಡುವುದು ಸರೀನಾ?

ಅಂಗಡಿಯವರ ಸಿಟ್ಟೆಲ್ಲ ಇರುವುದು ಇಲ್ಲೇ, ಅದು ನ್ಯಾಯವಾದ ಸಿಟ್ಟು. ಏಜೆನ್ಸಿಯ ಹುಡುಗ ತರುವ ರೇಟಿಗಿಂತ ಮಾರ್ಟ್‌ನ ಮಾರಾಟದ ಬೆಲೆಯೇ ಕಮ್ಮಿ ಇರುವುದುಂಟು. ಆಫರ್ ಇದ್ದಾಗ ಅಂಗಡಿಯವರೇ ಮಾರ್ಟ್‌ಗೆ ಹೋಗಿ ಡಬ್ಬಿಗಟ್ಟಲೆ ಎಣ್ಣೆ ತಂದು ಮಾರುತ್ತಾರೆ. ಮಾರ್ಟ್‌ನವರು ‘ಒಬ್ಬರಿಗೆ ಇಷ್ಟೇ’ ಎಂದು ಬೋರ್ಡ್ ಹಾಕುವುದಕ್ಕೆ ಇದೂ ಒಂದು ಕಾರಣ.

ಇದೇ ಕಾರಣಕ್ಕೆ 2021ರ ಡಿಸೆಂಬರ್‌ನಲ್ಲಿ ವಿತರಕರ ಒಕ್ಕೂಟ ದೊಡ್ಡ ಕಂಪನಿಗಳಿಗೆ ಪತ್ರ ಬರೆದು ಎಲ್ಲರಿಗೂ ಒಂದೇ ದರ ಕೊಡಿ ಎಂದು ಕೇಳಿತು. 2022ರ ಜನವರಿಯಲ್ಲಿ ಮಹಾರಾಷ್ಟ್ರದಲ್ಲಿ ಕೆಲವು ಕಂಪನಿಗಳ ಮಾಲು ಎತ್ತದ ಅಸಹಕಾರವೂ ಶುರುವಾಯಿತು. ಆದರೂ ಜಾಸ್ತಿ ಕೊಳ್ಳುವವನಿಗೆ ಕಮ್ಮಿ ದರ ಕೊಡುವುದನ್ನು ಕಾನೂನು ತಪ್ಪು ಎನ್ನುವುದಿಲ್ಲ. ಕಂಪನಿಗಳು ಮಾರ್ಟ್‌ಗೆಂದೇ ಬೇರೆ ಅಳತೆಯ ದೊಡ್ಡ ಪ್ಯಾಕ್ ಮಾಡಿ ಹೋಲಿಕೆಗೇ ಸಿಗದಂತೆ ನೋಡಿಕೊಳ್ಳುತ್ತವೆ.

ಎಂಆರ್‌ಪಿಗಿಂತ ಕಮ್ಮಿಗೆ ಮಾರುವುದು ಕಾನೂನಿಗೆ ವಿರುದ್ಧವಲ್ಲವಾ?

ಅಲ್ಲ. ಎಂಆರ್‌ಪಿ ಅಂದರೆ ಗರಿಷ್ಠ ಬೆಲೆ. ಅದಕ್ಕಿಂತ ಜಾಸ್ತಿ ತೆಗೆದುಕೊಂಡರೆ ತಪ್ಪು. ‘ಕೂಲಿಂಗ್ ಚಾರ್ಜ್’ ಎಂದು ತಣ್ಣನೆಯ ಬಾಟಲಿಗೆ ಎರಡು ರೂಪಾಯಿ ಸೇರಿಸುವುದೂ ತಪ್ಪೇ. ಎದುರಾಳಿಯನ್ನು ಮುಗಿಸಲೆಂದೇ ನಷ್ಟಕ್ಕೆ ಮಾರುವುದನ್ನು 2002ರ ಸ್ಪರ್ಧಾ ಕಾಯ್ದೆ ತಡೆಯುತ್ತದೆ. ಆದರೆ ಮಾರುಕಟ್ಟೆಯಲ್ಲಿ ಪ್ರಬಲ ಸ್ಥಾನದಲ್ಲಿರುವ ಕಂಪನಿಗಷ್ಟೇ ಅದು ಅನ್ವಯ. ಬಳ್ಳಾರಿಯ ಒಂದು ಮಾರ್ಟ್ ಮೇಲೆ ಅದನ್ನು ಸಾಬೀತು ಮಾಡುವುದು ಹೆಚ್ಚುಕಮ್ಮಿ ಆಗದ ಮಾತು.

ಯಾವ ಅಂಗಡಿಗೆ ಪೆಟ್ಟು ಜಾಸ್ತಿ?

ನಡುವಿನವರಿಗೆ. ಕೌಲ್ ಬಜಾರ್‌ನ ಓಣಿಯಲ್ಲಿ, ಮಿಲ್ಲರ್‌ಪೇಟೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಇರುವ ಪುಟ್ಟ ಅಂಗಡಿ ಬದುಕುತ್ತದೆ. ಅದಕ್ಕೆ ಬಾಡಿಗೆ ಇಲ್ಲ, ಅದರ ಗಿರಾಕಿ ರಾತ್ರಿ ಒಂಬತ್ತಕ್ಕೆ ಮೊಸರಿಗೆ ಬರುವವರು. ಹಳ್ಳಿ ಅಂಗಡಿಗಳಿಗೆ ಮೂಟೆ ಲೆಕ್ಕದಲ್ಲಿ ಮಾಲು ಹಾಕುವ ದೊಡ್ಡ ಹೋಲ್‌ಸೇಲ್‌ನವರಿಗೂ ದಾರಿ ಇದೆ.

ಸಿಕ್ಕಿಹಾಕಿಕೊಳ್ಳುವವರು ಮುಖ್ಯರಸ್ತೆಯಲ್ಲಿ ಬಾಡಿಗೆ ಕೊಟ್ಟು, ಇಬ್ಬರು ಮೂವರು ಕೆಲಸದವರನ್ನು ಇಟ್ಟುಕೊಂಡು, ನೌಕರರ ಮನೆಗಳ ತಿಂಗಳ ಚೀಟಿ ನಂಬಿಕೊಂಡಿರುವವರು. ಗಾಂಧಿನಗರ, ಪಾರ್ವತಿನಗರದ ಕಡೆಯ ಗಿರಾಕಿಗಳಿಗೆ ಸ್ಕೂಟರೂ ಇದೆ, ಕಾರೂ ಇದೆ. ಅವರಿಗೆ ಮಾರ್ಟ್ ದೂರವೇ ಅಲ್ಲ. ಪ್ಲಾಸ್ಟಿಕ್ ಸಾಮಾನು, ಸ್ಟೀಲ್ ಪಾತ್ರೆ, ರೆಡಿಮೇಡ್ ಬಟ್ಟೆಯ ಅಂಗಡಿಯವರನ್ನು ಈ ಚರ್ಚೆಯಲ್ಲಿ ಯಾರೂ ನೆನೆಸುವುದಿಲ್ಲ. ಮಾರ್ಟ್ ಲಾಭ ತೆಗೆಯುವುದು ಅವರ ಮಾಲಿನಲ್ಲೇ ಎಂದು ಆಗಲೇ ಹೇಳಿದೆನಲ್ಲ.

ನಮ್ಮದು ಸಿರುಗುಪ್ಪ. ಇಲ್ಲಿ ಮಾರ್ಟ್ ಇಲ್ಲದಿದ್ದರೆ ನಮಗೇನು ಭಯ?

ಭಯ ನಿಮಗೇ ಜಾಸ್ತಿ ಇರಬಹುದು. ಅಮೆರಿಕದ ಅಯೋವಾ ರಾಜ್ಯದ ಅನುಭವ ಕೇಳಿ. ವಾಲ್‌ಮಾರ್ಟ್ ಬಂದ ಊರುಗಳನ್ನು ಅಲ್ಲಿನ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಕೆನೆತ್ ಸ್ಟೋನ್ 1980ರ ದಶಕದಿಂದ ವರ್ಷಗಟ್ಟಲೆ ನೋಡಿದರು. ವಾಲ್‌ಮಾರ್ಟ್ ಇದ್ದ ಊರಿನಲ್ಲಿ ಅದೇ ಮಾಲು ಮಾರುವವರು ಸೋತರು. ಆದರೆ ಅಲ್ಲಿ ಸಿಗದ್ದನ್ನು ಮಾರುವವರಿಗೆ, ಹೋಟೆಲಿನವರಿಗೆ ವ್ಯಾಪಾರ ಏರಿತು. ಸುತ್ತಲ ಊರುಗಳಿಂದ ಜನ ಅಲ್ಲಿಗೆ ಬರತೊಡಗಿದ್ದರು. ಹೆಚ್ಚು ಬಸವಳಿದದ್ದು ವಾಲ್‌ಮಾರ್ಟ್ ಇಲ್ಲದ ಸುತ್ತಲ ಸಣ್ಣ ಊರುಗಳು. ಅವುಗಳಿಗೆ ನಷ್ಟವಷ್ಟೇ ಬಂತು, ಹೊಸ ಗಿರಾಕಿ ಬರಲಿಲ್ಲ.

ಸಿರುಗುಪ್ಪ, ಕುರುಗೋಡು, ಸಂಡೂರು, ಕಂಪ್ಲಿಗೆ ಇದನ್ನು ಹೊಂದಿಸಿ ನೋಡಿ. ಆಸ್ಪತ್ರೆಗೆ, ಕೋರ್ಟಿಗೆ, ಕಾಲೇಜಿಗೆ ಬಳ್ಳಾರಿಗೆ ಬರುವ ಜನ ಹೇಗೂ ಇದ್ದಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ. ಟಿಕೆಟ್ ಖರ್ಚು ಇಲ್ಲದ ಮೇಲೆ ಬರುವಾಗ ಎರಡು ಚೀಲ ತುಂಬಿಕೊಂಡು ಬರುವುದು ಲಾಭವೇ. ಯೋಜನೆ ಒಳ್ಳೆಯದು, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಸಣ್ಣ ಊರಿನ ಅಂಗಡಿಗೆ ದೂರವೇ ಒಂದು ಕಾವಲಾಗಿತ್ತು. ಅದು ಈಗ ಇಲ್ಲ.

ಮಾರ್ಟ್ ಪಕ್ಕದಲ್ಲಿ ಅಂಗಡಿ ಇಟ್ಟರೆ ಲಾಭವಾ?

ಅದರೊಳಗೆ ಸಿಗದ್ದನ್ನು ಮಾರಿದರೆ ಲಾಭ. ಟೀ, ಮಿರ್ಚಿ ಬಂಡಿ, ಮೊಬೈಲ್ ರಿಪೇರಿ, ಟೈಲರ್, ಹೂವು. ಆಟೋದವರಿಗೂ ಬಾಡಿಗೆ ಸಿಗುತ್ತದೆ. ಆದರೆ ಸುತ್ತಲ ಮಳಿಗೆಗಳ ಬಾಡಿಗೆ, ಅಡ್ವಾನ್ಸ್ ಎರಡೂ ಏರುತ್ತವೆ. ಕರಾರು ಬರೆಸುವಾಗ ಎಚ್ಚರ.

ವಾಲ್‌ಮಾರ್ಟ್ ತರದ ವಿದೇಶಿ ಕಂಪನಿ ಬಳ್ಳಾರಿಗೆ ಬರುತ್ತದಾ?

ಬೋರ್ಡ್ ಹಾಕಿಕೊಂಡು ನೇರವಾಗಿ ಬರುವುದು ಕಷ್ಟ. ಹಲವು ಬ್ರ್ಯಾಂಡ್ ಮಾರುವ ಚಿಲ್ಲರೆ ಮಳಿಗೆಯಲ್ಲಿ ಶೇ 51ರವರೆಗೆ ವಿದೇಶಿ ಬಂಡವಾಳಕ್ಕೆ ಕೇಂದ್ರ 2012ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಷರತ್ತುಗಳು ಬಿಗಿ. ಕನಿಷ್ಠ 10 ಕೋಟಿ ಡಾಲರ್ ಹೂಡಬೇಕು. ರಾಜ್ಯ ಸರ್ಕಾರ ಒಪ್ಪಬೇಕು. ಊರಿನ ಜನಸಂಖ್ಯೆ 10 ಲಕ್ಷ ದಾಟಿರಬೇಕು, ಇಲ್ಲವೇ ರಾಜ್ಯವೇ ಆ ಊರನ್ನು ಆರಿಸಬೇಕು. 2011ರ ಗಣತಿಯಲ್ಲಿ ಬಳ್ಳಾರಿ ನಗರ ದಾಟಿದ್ದು 4 ಲಕ್ಷ ಅಷ್ಟೇ.

ಆದರೆ ಹಿಂದಿನ ಬಾಗಿಲು ತೆರೆದೇ ಇದೆ. 2018ರಲ್ಲಿ ವಾಲ್‌ಮಾರ್ಟ್ ಫ್ಲಿಪ್‌ಕಾರ್ಟ್‌ನ ಬಹುಪಾಲು ಷೇರು ಕೊಂಡಿತು. ಬಳ್ಳಾರಿಯ ಮನೆಗಳಿಗೆ ಅದರ ಡಬ್ಬಿ ಬರುತ್ತಲೇ ಇದೆ. ನಿಮ್ಮ ಎದುರಾಳಿ ಬಹುಪಾಲು ದೇಶಿ ಕಂಪನಿಗಳೇ. ಅವುಗಳಿಗೆ ಈ ಷರತ್ತು ಯಾವುದೂ ಇಲ್ಲ.

ಮಾರ್ಟ್ ಬರದಂತೆ ತಡೆಯಲು ಆಗುತ್ತದಾ?

ನಮ್ಮಲ್ಲಿ ಅಂಥ ಕಾನೂನಿಲ್ಲ. ಫ್ರಾನ್ಸ್‌ನಲ್ಲಿ 1973ರಿಂದಲೇ ದೊಡ್ಡ ಮಳಿಗೆ ತೆರೆಯಲು ವಿಶೇಷ ಅನುಮತಿ ಬೇಕಿತ್ತು. ಜಪಾನಿನಲ್ಲೂ ಅಂಥದ್ದೇ ಕಾಯ್ದೆ ಬಹಳ ವರ್ಷ ನಡೆದು, 2000ದಲ್ಲಿ ರದ್ದಾಯಿತು. ಇಲ್ಲಿ ಪಾಲಿಕೆ ವ್ಯಾಪಾರ ಪರವಾನಗಿ ಕೊಡುವಾಗ ‘ಸಣ್ಣ ಅಂಗಡಿಗೆ ತೊಂದರೆ’ ಎಂಬ ಕಾರಣ ನಿಲ್ಲುವುದಿಲ್ಲ. 2007ರ ಆಗಸ್ಟ್‌ನಲ್ಲಿ ಉತ್ತರ ಪ್ರದೇಶ ಸರ್ಕಾರ ವ್ಯಾಪಾರಿಗಳ ಪ್ರತಿಭಟನೆ ನೋಡಿ ರಿಲಯನ್ಸ್ ಫ್ರೆಶ್ ಮಳಿಗೆಗಳನ್ನು ಮುಚ್ಚಿಸಿತ್ತು. ಈಗಿನ ಪರಿಸ್ಥಿತಿ ನೋಡಿ, ಎಲ್ಲ ರಾಜ್ಯದಲ್ಲೂ ಮಾರ್ಟ್ ಇವೆ.

ಕೇಳಬಹುದಾದದ್ದು ಬೇರೆ ಇದೆ. ನಕ್ಷೆಯಲ್ಲಿ ತೋರಿಸಿದ ಪಾರ್ಕಿಂಗ್ ನಿಜವಾಗಿ ಇದೆಯಾ? ಮಾಲು ಲಾರಿ ಯಾವ ಹೊತ್ತಿಗೆ ರಸ್ತೆಯಲ್ಲಿ ನಿಲ್ಲುತ್ತದೆ? ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇದೆಯಾ? ಕನ್ನಡದ ನಿಯಮ 2024ರಲ್ಲಿ ಕಾನೂನಾಗಿದೆ. ಇವುಗಳ ಮೇಲೆ ದೂರು ಕೊಟ್ಟರೆ ಅಧಿಕಾರಿಗಳು ನೋಡಲೇಬೇಕು.

ಮಾರ್ಟ್‌ಗಳೂ ಮುಚ್ಚುತ್ತವಲ್ಲ, ಆಗ?

ಮುಚ್ಚಿವೆ. ಚೆನ್ನೈ ಮೂಲದ ಸುಭಿಕ್ಷಾ ದೇಶದಲ್ಲಿ ಸುಮಾರು 1,600 ಮಳಿಗೆ ತೆರೆದು 2009ರ ಹೊತ್ತಿಗೆ ಕುಸಿದುಬಿತ್ತು. 2001ರಲ್ಲಿ ಶುರುವಾದ ಬಿಗ್ ಬಜಾರ್ ಸಾಲದಲ್ಲಿ ಮುಳುಗಿತು. 2022ರಲ್ಲಿ ಅದರ ಎಷ್ಟೋ ಜಾಗಗಳು ರಿಲಯನ್ಸ್ ಕೈಗೆ ಹೋಗಿ ಸ್ಮಾರ್ಟ್ ಬಜಾರ್ ಆದವು. ಒಂದು ಮಾರ್ಟ್ ಹೋದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಅಷ್ಟರಲ್ಲಿ ಮುಚ್ಚಿದ ಕಿರಾಣಿ ಮತ್ತೆ ತೆರೆಯುವುದು ಕಮ್ಮಿ. ಆ ಕುಟುಂಬ ಬೇರೆ ಕಸುಬು ಹಿಡಿದಿರುತ್ತದೆ.

ನಮ್ಮ ಹುಡುಗರಿಗೆ ಕೆಲಸ ಸಿಗುತ್ತದಲ್ಲ, ಅದು ಒಳ್ಳೆಯದಲ್ಲವಾ?

ಒಳ್ಳೆಯದೇ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಇಎಸ್‌ಐ ಬರುತ್ತದೆ, ಇಪ್ಪತ್ತು ಮುಟ್ಟಿದರೆ ಪಿಎಫ್ ಬರುತ್ತದೆ. ಕಿರಾಣಿ ಅಂಗಡಿಯ ಗುಮಾಸ್ತನಿಗೆ, ಮೂಟೆ ಹೊರುವ ಹುಡುಗನಿಗೆ ಇದು ಯಾವತ್ತೂ ಸಿಕ್ಕಿಲ್ಲ. ಈ ಮಾತನ್ನು ಅಂಗಡಿ ಮಾಲೀಕರ ಎದುರು ಆಡಿದರೆ ಮುಖ ಗಂಟಾಗುತ್ತದೆ, ಆದರೂ ನಿಜ. ಆದರೆ ಗುಮಾಸ್ತ ಹತ್ತು ವರ್ಷದಲ್ಲಿ ವ್ಯಾಪಾರ ಕಲಿತು ತನ್ನದೇ ಅಂಗಡಿ ಇಡುತ್ತಿದ್ದ. ಬಿಲ್ಲಿಂಗ್ ಕೌಂಟರಿನ ಹುಡುಗಿಗೆ ಖರೀದಿ ದರ ಎಷ್ಟು, ಮಾಲು ಎಲ್ಲಿಂದ ಬಂತು ಒಂದೂ ಗೊತ್ತಾಗುವುದಿಲ್ಲ.

ರೈತರಿಗೆ ಲಾಭವಾ?

ಒಂದು ಹತ್ತಿರದ ಉದಾಹರಣೆ ಇದೆ. 2021ರ ಜನವರಿಯಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರಿನ ರೈತ ಉತ್ಪಾದಕ ಕಂಪನಿಯಿಂದ 1,000 ಕ್ವಿಂಟಲ್ ಸೋನಾ ಮಸೂರಿ ಭತ್ತ ಕೊಳ್ಳಲು ರಿಲಯನ್ಸ್ ರಿಟೇಲ್ ಒಪ್ಪಂದ ಮಾಡಿಕೊಂಡ ಸುದ್ದಿ ಬಂತು. ದರ ಕ್ವಿಂಟಲ್‌ಗೆ 1,950 ರೂಪಾಯಿ, ಆಗಿನ ಬೆಂಬಲ ಬೆಲೆ 1,868. ಅಂದರೆ 82 ರೂಪಾಯಿ ಜಾಸ್ತಿ. ಒಳ್ಳೆಯ ಸುದ್ದಿಯೇ. ಆದರೆ ತುಂಗಭದ್ರಾ ಬಯಲಿನಲ್ಲಿ ಬೆಳೆಯುವ ಭತ್ತಕ್ಕೆ ಹೋಲಿಸಿದರೆ 1,000 ಕ್ವಿಂಟಲ್ ಎಷ್ಟೂ ಅಲ್ಲ. ಸಿರುಗುಪ್ಪದ ರೈತನ ದರ ಈಗಲೂ ನಿಂತಿರುವುದು ರೈಸ್ ಮಿಲ್‌ಗಳ ಮೇಲೆ, ದಲ್ಲಾಳಿಗಳ ಮೇಲೆ.

ಬಳ್ಳಾರಿ ಜೀನ್ಸ್ ಮಾರ್ಟ್‌ನಲ್ಲಿ ಯಾಕೆ ಕಾಣುವುದಿಲ್ಲ?

ಕಂಟೋನ್ಮೆಂಟ್ ಕಾಲದಲ್ಲಿ ಸೈನ್ಯಕ್ಕೆ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳಿಂದ ಇಲ್ಲಿನ ಹೊಲಿಗೆ ಕಸುಬು ಬೆಳೆಯಿತು ಎನ್ನುತ್ತಾರೆ. ಈಗ ಮನೆಮನೆಯಲ್ಲಿ ಮಷಿನ್. ಒಬ್ಬರು ಕತ್ತರಿಸುತ್ತಾರೆ, ಒಬ್ಬರು ಹೊಲಿಯುತ್ತಾರೆ, ಒಬ್ಬರು ವಾಷಿಂಗ್ ಮಾಡುತ್ತಾರೆ. ದೊಡ್ಡ ಕಂಪನಿಗೆ ಬೇಕಾಗುವುದು ಒಂದೇ ಅಳತೆಯ, ಒಂದೇ ಬಣ್ಣದ ಸಾವಿರಾರು ಪೀಸು. ಹಣವನ್ನೂ ಎಷ್ಟೋ ಕಂಪನಿಗಳು ತಡವಾಗಿ ಕೊಡುತ್ತವೆ. ಸಣ್ಣ ಘಟಕ ಎರಡನ್ನೂ ತಾಳುವುದಿಲ್ಲ.

ಒಂದು ಮಾತ್ರ ತಿಳಿದುಕೊಳ್ಳಿ. ನಿಮ್ಮ ಘಟಕ ಕೇಂದ್ರದ ನೋಂದಣಿ ಪೋರ್ಟಲ್ ಆದ ಉದ್ಯಮ್‌ನಲ್ಲಿ ಸಣ್ಣ ಉದ್ದಿಮೆ ಎಂದು ನೋಂದಣಿ ಆಗಿದ್ದರೆ ಕೊಂಡವರು ನಿಮಗೆ 15 ದಿನದಲ್ಲಿ, ಬರಹದ ಕರಾರು ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. 2024ರಿಂದ ಇದಕ್ಕೆ ಹಲ್ಲು ಬಂದಿದೆ. ತಡ ಮಾಡಿದರೆ ಹಣ ಕೊಡುವ ತನಕ ಆ ಖರ್ಚನ್ನು ಅವರು ಆದಾಯ ತೆರಿಗೆಯಲ್ಲಿ ತೋರಿಸಲು ಆಗುವುದಿಲ್ಲ.

ಯುಪಿಐ ತೆಗೆದುಕೊಂಡರೆ ನೋಟಿಸ್ ಬರುತ್ತದಂತೆ. ಸ್ಕ್ಯಾನರ್ ತೆಗೆದುಬಿಡಲಾ?

ತೆಗೆಯಬೇಡಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡುಗಳು ಬಂದವು. ಆಮೇಲೆ ಮುಖ್ಯಮಂತ್ರಿ ವ್ಯಾಪಾರಿಗಳನ್ನು ಕರೆದು ಮಾತಾಡಿ, ಹಳೆಯ ಬಾಕಿ ಕೇಳುವುದಿಲ್ಲ ಎಂದು ಭರವಸೆ ಕೊಟ್ಟರು. ಆದರೆ ಕಾನೂನು ಬದಲಾಗಲಿಲ್ಲ. ಸರಕು ಮಾರುವವರ ವರ್ಷದ ವ್ಯಾಪಾರ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಹಣ ಯಾವ ರೂಪದಲ್ಲಿ ಬಂದರೂ. ಬರೀ ತರಕಾರಿ, ಹಾಲಿನಂಥ ತೆರಿಗೆ ಇಲ್ಲದ ಮಾಲು ಮಾರುವವರಿಗೆ ಬೇಕಿಲ್ಲ. ಅದರ ಜೊತೆ ತೆರಿಗೆಯ ಮಾಲು ಇಟ್ಟರೆ ಎಲ್ಲ ಸೇರಿಸಿ ಎಣಿಸುತ್ತಾರೆ.

1.5 ಕೋಟಿಯೊಳಗಿನವರಿಗೆ ರಾಜಿ ತೆರಿಗೆ (ಕಾಂಪೋಸಿಷನ್) ಪದ್ಧತಿ ಇದೆ. ವ್ಯಾಪಾರದ ಮೇಲೆ ನೂರಕ್ಕೆ ಒಂದು ರೂಪಾಯಿ. ಅದನ್ನು ಗಿರಾಕಿಯಿಂದ ವಸೂಲು ಮಾಡುವಂತಿಲ್ಲ, ಖರೀದಿ ತೆರಿಗೆ ವಾಪಸೂ ಸಿಗುವುದಿಲ್ಲ. ಓಣಿ ಅಂಗಡಿಗೆ ಬಹುತೇಕ ಇದೇ ಸರಳ. ಸ್ಕ್ಯಾನರ್ ತೆಗೆದರೆ ಜೇಬಿನಲ್ಲಿ ನೋಟು ಇಡದ ಹುಡುಗರನ್ನು ನೀವೇ ಮಾರ್ಟ್‌ಗೆ ಕಳಿಸಿದಂತೆ.

ಅಂಗಡಿ ಉಳಿಸಿಕೊಳ್ಳಲು ಏನು ಮಾಡಬೇಕು?

ಮೊದಲು, ಮಾಡಬಾರದ್ದು. ಎಸಿ ಹಾಕಿಸಿ, ಗಾಜಿನ ಬಾಗಿಲು ಇಟ್ಟು, ಸಾಲ ಮಾಡಿ ‘ಸೂಪರ್ ಮಾರ್ಕೆಟ್’ ಬೋರ್ಡ್ ಹಾಕಬೇಡಿ. ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿಗೆ 2021ರಿಂದ ಅವಕಾಶ ಇದೆ, ಮುದ್ರಾ ಸಾಲವೂ ಇದೆ. ಸಾಲ ಸಿಗುತ್ತದೆ ಎನ್ನುವುದು ಸಾಲ ಮಾಡಲು ಕಾರಣ ಅಲ್ಲ. ಸೋಪಿನ ಪುಡಿ, ಎಣ್ಣೆ ಪ್ಯಾಕೆಟ್ಟಿನ ಬೆಲೆಯಲ್ಲಿ ಮಾರ್ಟ್ ಜೊತೆ ಪಂದ್ಯಕ್ಕೂ ಇಳಿಯಬೇಡಿ.

ಬಿಡಿ ಮಾಲಿನ ಮೇಲೆ ಗಮನ ಇಡಿ. ನಮ್ಮ ಭಾಗದವರು ಅಕ್ಕಿ, ಜೋಳ, ಬೇಳೆ, ಮೆಣಸಿನಕಾಯಿಯ ವಿಷಯದಲ್ಲಿ ಹಠಮಾರಿಗಳು. ಸೋನಾ ಮಸೂರಿ ಹಳೆಯದಾ ಹೊಸದಾ, ಅನ್ನ ಮುದ್ದೆಯಾಗುತ್ತದಾ ಎಂದು ಕೇಳಿದರೆ ಮಾರ್ಟ್‌ನ ಕಪಾಟು ಉತ್ತರ ಹೇಳುವುದಿಲ್ಲ. ಈ ಜೋಳದ ಹಿಟ್ಟಿಗೆ ಜಿಗಿ ಇದೆಯಾ, ರೊಟ್ಟಿ ಬಡಿದರೆ ಹರಿಯುತ್ತದಾ? ಕಲಬುರಗಿ ತೊಗರಿಬೇಳೆ ಬೇಯುತ್ತದಾ? ಖಾರಕ್ಕೆ ಗುಂಟೂರು ಎಷ್ಟು, ಬಣ್ಣಕ್ಕೆ ಬ್ಯಾಡಗಿ ಎಷ್ಟು? ಇದು ಗೊತ್ತಿರುವ ಅಂಗಡಿಗೆ ಗಿರಾಕಿ ಬಂದೇ ಬರುತ್ತಾರೆ. ಪ್ಯಾಕೆಟ್ ಮಾಲಿಗಿಂತ ಇದರಲ್ಲಿ ಮಾರ್ಜಿನ್ನೂ ಚೆನ್ನಾಗಿದೆ. ಹಾಗೆಂದು ಕಲಬೆರಕೆ ಮಾಡಿದಿರೋ, ಅಲ್ಲಿಗೆ ಮುಗಿಯಿತು.

ಆಮೇಲೆ ತಿಂಗಳ ಚೀಟಿ. ಅದನ್ನು ಕಾಯುತ್ತಾ ಕೂರಬೇಡಿ, ಕೇಳಿ ತರಿಸಿಕೊಳ್ಳಿ. ತಿಂಗಳ ಕೊನೆಗೆ ಹಳೆ ಗಿರಾಕಿಗಳಿಗೆ ವಾಟ್ಸಾಪ್‌ನಲ್ಲಿ ‘ಅಕ್ಕಾ, ಚೀಟಿ ಕಳಿಸ್ರಿ, ಸಂಜೆ ಮನೆಗೆ ಮುಟ್ಟಿಸ್ತೀವಿ’ ಎಂದು ಒಂದು ಸಾಲು ಹಾಕಿ. ಚೀಟಿಯ ಮೊತ್ತ ಇಷ್ಟು ದಾಟಿದರೆ ಇಷ್ಟು ಬಿಡುತ್ತೇವೆ ಎಂದು ಹೇಳಿ. ಮಾರ್ಟ್‌ನಿಂದ ಅಕ್ಕಿ ಮೂಟೆ ಹೊತ್ತು ಮೂರನೇ ಮಹಡಿ ಹತ್ತುವುದು ಯಾರಿಗೂ ಇಷ್ಟ ಇಲ್ಲ.

ನಾಲ್ಕೈದು ಅಂಗಡಿಯವರು ಸೇರಿ ಒಟ್ಟಿಗೆ ಕೊಂಡರೆ ಏಜೆನ್ಸಿಯ ದೊಡ್ಡ ಸ್ಕೀಮ್ ಸಿಗುತ್ತದೆ. ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ. ಎದುರು ಬದುರು ಅಂಗಡಿಯವರು ಖರೀದಿ ದರ ಹಂಚಿಕೊಳ್ಳುವುದಿಲ್ಲ. ಅಣ್ಣತಮ್ಮಂದಿರು, ಬೀಗರು ಬೇರೆ ಬೇರೆ ಬಡಾವಣೆಯಲ್ಲಿ ಅಂಗಡಿ ಇಟ್ಟಿದ್ದರೆ ಅವರಿಂದ ಶುರು ಮಾಡಿ.

ಉದ್ರಿ ಪೂರ್ತಿ ನಿಲ್ಲಿಸಿಬಿಡಲಾ?

‘ಇಂದು ನಗದು, ನಾಳೆ ಉದ್ರಿ’ ಬೋರ್ಡ್ ಎಲ್ಲರ ಅಂಗಡಿಯಲ್ಲೂ ಇದೆ, ಯಾರೂ ಓದುವುದಿಲ್ಲ. ಪೂರ್ತಿ ನಿಲ್ಲಿಸಿದರೆ ಮಾರ್ಟ್‌ಗಿಂತ ನೀವು ಮೇಲು ಎನ್ನಲು ಇರುವ ಒಂದು ದೊಡ್ಡ ಕಾರಣ ಹೋಗುತ್ತದೆ. ಮಿತಿ ಹಾಕಿ. ತಿಂಗಳ ಚೀಟಿ ನಿಮ್ಮಲ್ಲೇ ಬರೆಸುವವರಿಗೆ ಉದ್ರಿ, ಉಳಿದವರಿಗೆ ನಗದು. ಇದನ್ನು ಮುಖದ ಮೇಲೆ ಹೇಳಲು ಮುಜುಗರ ಆದರೆ ಮನೆಯ ಹೆಣ್ಣುಮಕ್ಕಳು ಅಂಗಡಿಯಲ್ಲಿ ಕೂತಾಗ ಹೇಳಿಸಿ. ಅವರು ವಸೂಲಿಯಲ್ಲಿ ಗಂಡಸರಿಗಿಂತ ಗಟ್ಟಿ.

ನಾನು ಗಿರಾಕಿ. ಮಾರ್ಟ್‌ಗೆ ಹೋಗುವುದು ತಪ್ಪಾ?

ತಪ್ಪೇನಿಲ್ಲ. ನಿಮ್ಮ ದುಡ್ಡು, ನಿಮ್ಮ ಇಷ್ಟ. ಇಕ್ರಿಯರ್ ವರದಿ ಕೂಡ ಕಮ್ಮಿ ಆದಾಯದ ಮನೆಗಳಿಗೆ ಮಾರ್ಟ್‌ನಿಂದ ಉಳಿತಾಯ ಜಾಸ್ತಿ ಎಂದಿತ್ತು. ಬೆಲೆ ಒಂದೇ ಕಾರಣವೂ ಅಲ್ಲ. ಮಾರ್ಟ್‌ನಲ್ಲಿ ಹಳೆ ಬಾಕಿ ಕೇಳುವವರಿಲ್ಲ. ಪ್ಯಾಡ್ ಕೊಂಡರೆ ಪೇಪರಿನಲ್ಲಿ ಸುತ್ತಿ ಕಳ್ಳಮಾಲಿನಂತೆ ಕೊಡುವುದಿಲ್ಲ. ಹತ್ತು ಸಲ ಮುಟ್ಟಿ ನೋಡಿ ವಾಪಸ್ ಇಟ್ಟರೂ ಯಾರೂ ಗೊಣಗುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳು ನನಗೆ ಹೇಳಿದ್ದು ಇದನ್ನೇ. ಅಂಗಡಿಯವರು ಕೇಳಿಸಿಕೊಳ್ಳಬೇಕಾದ ಮಾತು. ಒಂದು ಕೋರಿಕೆ ಮಾತ್ರ ಇದೆ: ಕಿರಾಣಿಯಲ್ಲಿ ಉದ್ರಿ ಇಟ್ಟು ಮಾರ್ಟ್‌ನಲ್ಲಿ ನಗದು ಕೊಡಬೇಡಿ. ಹಳೆ ಬಾಕಿ ತೀರಿಸಿ, ಆಮೇಲೆ ಎಲ್ಲಿಗೆ ಬೇಕಾದರೂ ಹೋಗಿ.

ಮಾರ್ಟ್‌ನಲ್ಲಿ ನಿಜವಾಗಿಯೂ ದುಡ್ಡು ಉಳಿಯುತ್ತದಾ?

ಚೀಟಿ ಬರೆದುಕೊಂಡು ಹೋಗಿ, ಅಷ್ಟೇ ತಂದರೆ ಉಳಿಯುತ್ತದೆ. ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅಂದುಕೊಳ್ಳಬೇಡಿ. ಪ್ಯಾಕೆಟ್ ಮೇಲೆ ಗ್ರಾಮಿಗೆ ಅಥವಾ ಎಂಎಲ್‌ಗೆ ಎಷ್ಟು ಬೆಲೆ ಎಂದು ಈಗ ಮುದ್ರಿಸಬೇಕು. ಹೋಲಿಸಬೇಕಾದದ್ದು ಅದನ್ನು. ಆಟೋ ಬಾಡಿಗೆ, ಮಕ್ಕಳ ಐಸ್‌ಕ್ರೀಮು ಲೆಕ್ಕಕ್ಕೆ ಸೇರಿಸಿ.

ಕೈಚೀಲಕ್ಕೆ ಮಾರ್ಟ್‌ನವರು ದುಡ್ಡು ಕೇಳಿದರೆ ಕೊಡಬೇಕಾ? ದೂರು ಎಲ್ಲಿ ಕೊಡುವುದು?

ಮೊದಲೇ ತಿಳಿಸದೆ ಬಿಲ್ ಮಾಡುವ ಹೊತ್ತಿಗೆ ಚೀಲದ ಬೆಲೆ ಸೇರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರ್‌ನಲ್ಲಿ ಹೇಳಿದೆ. ಬಾಗಿಲಲ್ಲೇ ಬೋರ್ಡ್ ಇದ್ದರೆ ಮಾತು ಬೇರೆ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅಲ್ಲಿ ಬಗೆಹರಿಯದಿದ್ದರೆ ಬಳ್ಳಾರಿಯ ಜಿಲ್ಲಾ ಗ್ರಾಹಕ ಆಯೋಗ. ತೂಕ, ಎಂಆರ್‌ಪಿ ವಿಷಯವಾದರೆ ಕಾನೂನು ಮಾಪನಶಾಸ್ತ್ರ ಇಲಾಖೆ. ಈ ನಿಯಮ ಮಾರ್ಟ್‌ಗೂ ಅನ್ವಯ, ಓಣಿ ಅಂಗಡಿಗೂ ಅನ್ವಯ. ಬಿಲ್ ಮಾತ್ರ ಅವತ್ತೇ ಫೋಟೋ ತೆಗೆದಿಟ್ಟುಕೊಳ್ಳಿ, ಆ ನುಣುಪು ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿ ಹೋಗುತ್ತದೆ.